ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ ಎನ್ನುವ ಮೊದಲು

"ಸಮುದ್ರಕ್ಕೆ ಎಣ್ಣೆ ಚೆಲ್ಲಿದರೇನಂತೆ, ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ ಬಿಡಿ." ಈ ಮಾತು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಕಸಿವಿಸಿ. ಮಾತೇನೂ ಸುಳ್ಳಲ್ಲ. ತಿನ್ನುತ್ತವೆ, ನಿಜ. ಆದರೆ ಯಾವ ಬ್ಯಾಕ್ಟೀರಿಯಾ? ಎಣ್ಣೆಯಲ್ಲಿ ಯಾವ ಭಾಗವನ್ನು? ಎಷ್ಟು ವರ್ಷಕ್ಕೆ? ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲಿ? ಬಿಸಿಲು ಬೀಳುವ ಮೇಲ್ಮೈ ನೀರಿನ ಕಥೆ ಬೇರೆ, ಸಾವಿರಾರು ಅಡಿ ಕೆಳಗಿನ ಕೆಸರಿನ ಕಥೆಯೇ ಬೇರೆ.

ನನ್ನನ್ನು ಹಿಡಿದಿಟ್ಟಿರುವುದು ಆ ಕೆಸರು. ಅಲ್ಲಿ ಬೆಳಕಿಲ್ಲ. ನೀರು ಸುಮಾರು 4 ಡಿಗ್ರಿ ಸೆಲ್ಸಿಯಸ್. ಹತ್ತು ಮೀಟರ್ ಇಳಿದಂತೆಲ್ಲ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಅಂದರೆ 1,500 ಮೀಟರ್ ಆಳದಲ್ಲಿ ನಮ್ಮ ಮೈಮೇಲಿರುವುದಕ್ಕಿಂತ ಸುಮಾರು 150 ಪಟ್ಟು ಒತ್ತಡ. ತಿನ್ನಲು ಸಿಗುವುದು ಮೇಲಿನಿಂದ ಉದುರಿ ಬರುವ ಚೂರುಪಾರು ಮಾತ್ರ. ಇಂಥ ಜಾಗದಲ್ಲಿ ಕೂತು ಕಚ್ಚಾ ಎಣ್ಣೆಯನ್ನು ಒಡೆದು, ಅದರಿಂದಲೇ ಬದುಕುವ ಜೀವಿಗಳಿವೆ. ಅವುಗಳ ಬಗ್ಗೆ ಓದಿದಷ್ಟೂ ಗೌರವ ಜಾಸ್ತಿಯಾಗುತ್ತದೆ. "ತಿಂದು ಮುಗಿಸುತ್ತವೆ ಬಿಡಿ" ಎನ್ನುವವರ ಮೇಲೆ ಬೇಸರವೂ ಅಷ್ಟೇ ಜಾಸ್ತಿಯಾಗುತ್ತದೆ.

ಮೊದಲು ಎಣ್ಣೆಯ ಬಗ್ಗೆ ಒಂದು ಮಾತು. ಕಚ್ಚಾ ಎಣ್ಣೆ ಅನ್ನುವುದು ಒಂದು ವಸ್ತುವಲ್ಲ. ಸಾವಿರಾರು ಬಗೆಯ ಅಣುಗಳ ಬೆರಕೆ. ಇಂಗಾಲದ ಉದ್ದನೆಯ ನೇರ ಸರಪಳಿಗಳಿವೆ, ಕವಲೊಡೆದ ಸರಪಳಿಗಳಿವೆ, ಬೆಂಜೀನಿನಂಥ ಉಂಗುರಗಳಿವೆ, ಮೂರು ನಾಲ್ಕು ಉಂಗುರಗಳು ಒಂದಕ್ಕೊಂದು ಅಂಟಿಕೊಂಡಂಥವೂ ಇವೆ. ಕೊನೆಯಲ್ಲಿ ಡಾಂಬರಿನಂಥ ಭಾರದ ಭಾಗ. ನೇರ ಸರಪಳಿಗಳು ಮೊದಲು ಹೋಗುತ್ತವೆ. ಕವಲಿರುವವು ನಿಧಾನ. ಉಂಗುರಗಳು ಇನ್ನೂ ನಿಧಾನ. ಡಾಂಬರಿನ ಭಾಗವನ್ನು ಹೆಚ್ಚುಕಡಿಮೆ ಯಾರೂ ಮುಟ್ಟುವುದಿಲ್ಲ. ಹಾಗಾಗಿ "ಎಣ್ಣೆ ಹೋಯಿತು" ಎಂದು ಯಾರಾದರೂ ಹೇಳಿದರೆ, ಈ ಸಾಲಿನಲ್ಲಿ ಯಾವುದರವರೆಗೆ ಹೋಯಿತು ಎಂದು ಕೇಳಲೇಬೇಕು. ವಿಷ ಜಾಸ್ತಿ ಇರುವುದು ಉಂಗುರಗಳಲ್ಲಿ. ಉಳಿಯುವವೂ ಅವೇ.

2010ರ ಏಪ್ರಿಲ್ 20ರ ರಾತ್ರಿ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ವೇದಿಕೆ ಸ್ಫೋಟಗೊಂಡಿತು. 11 ಮಂದಿ ಸತ್ತರು. ಎರಡು ದಿನಕ್ಕೆ ವೇದಿಕೆ ಮುಳುಗಿತು. ಸುಮಾರು 1,500 ಮೀಟರ್ ಆಳದಲ್ಲಿದ್ದ ಮಕೊಂಡೋ ಬಾವಿಯ ಬಾಯಿ ತೆರೆದುಕೊಂಡಿತು. ಜುಲೈ 15ರಂದು ಮುಚ್ಚಳ ಬೀಳುವವರೆಗೆ, 87 ದಿನ, ಎಣ್ಣೆ ಉಕ್ಕುತ್ತಲೇ ಇತ್ತು. ಅಮೆರಿಕ ಸರ್ಕಾರದ ಅಂದಾಜು 49 ಲಕ್ಷ ಬ್ಯಾರೆಲ್. ಆಮೇಲೆ ನ್ಯಾಯಾಲಯ ಒಪ್ಪಿದ್ದು ಅದಕ್ಕಿಂತ ಕಡಿಮೆ. ಆ ದಿನಗಳಲ್ಲಿ ತಳದಲ್ಲಿದ್ದ ರೋಬೋಟ್ ಕ್ಯಾಮೆರಾದ ದೃಶ್ಯ ನೇರವಾಗಿ ಇಂಟರ್ನೆಟ್‌ನಲ್ಲಿ ಬರುತ್ತಿತ್ತು. ಮುರಿದ ಕೊಳವೆಯಿಂದ ಕಂದು ಬಣ್ಣದ ದಟ್ಟ ಹೊಗೆಯಂತೆ ಎಣ್ಣೆ ನುಗ್ಗುತ್ತಿತ್ತು. ನೋಡುತ್ತಾ ಸುಮ್ನೆ ಕೂತುಬಿಡುತ್ತಿದ್ದೆ. ಇದೆಲ್ಲ ಎಲ್ಲಿಗೆ ಹೋಗುತ್ತದೆ ಅನ್ನುವ ಪ್ರಶ್ನೆ ನನ್ನೊಳಗೆ ಕೂತದ್ದು ಆಗಲೇ.

ಎಲ್ಲ ಎಣ್ಣೆಯೂ ಮೇಲಕ್ಕೆ ಬರಲಿಲ್ಲ. ಅಷ್ಟು ಆಳದಲ್ಲಿ ಅಷ್ಟು ರಭಸದಿಂದ ನುಗ್ಗುವಾಗ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ತೀರಾ ಚಿಕ್ಕ ಹನಿಗಳಿಗೆ ತೇಲಿ ಮೇಲೇರುವಷ್ಟು ಬಲ ಇರುವುದಿಲ್ಲ. ಮೀಥೇನ್‌ನಂಥ ಅನಿಲಗಳೂ ನೀರಿನಲ್ಲೇ ಕರಗಿಬಿಡುತ್ತವೆ. ಹೀಗೆ ಸುಮಾರು 1,000ದಿಂದ 1,300 ಮೀಟರ್ ಆಳದಲ್ಲಿ ಎಣ್ಣೆ ಬೆರೆತ ನೀರಿನ ಒಂದು ಪದರ ನಿಂತಿತು. ಅದು ಅಲ್ಲೇ ಅಡ್ಡಡ್ಡ ಹರಿಯುತ್ತಾ ಹೋಯಿತು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಟೆರ್ರಿ ಹೇಜನ್ ಮತ್ತು ಜೊತೆಗಾರರು ಆ ನೀರನ್ನು ಪರೀಕ್ಷಿಸಿದರು. ಓಷಿಯಾನೋಸ್ಪಿರಿಲೇಲ್ಸ್ ಎಂಬ ಗುಂಪಿನ ಬ್ಯಾಕ್ಟೀರಿಯಾಗಳು ಅಲ್ಲಿ ಮುತ್ತಿಕೊಂಡಿದ್ದವು. ಕೆಲವೇ ವಾರಗಳಲ್ಲಿ ಚಿತ್ರ ಬದಲಾಯಿತು. ಕಾಲ್ವೆಲಿಯಾ, ಸೈಕ್ಲೋಕ್ಲಾಸ್ಟಿಕಸ್, ಮೀಥೇನ್ ತಿನ್ನುವ ಗುಂಪುಗಳು ಮುಂದೆ ಬಂದವು. ಒಬ್ಬರು ತಿಂದು ಹೋದ ಮೇಲೆ ಉಳಿದದ್ದಕ್ಕೆ ಮತ್ತೊಬ್ಬರು. ಆ ವರ್ಷದ ಆಗಸ್ಟ್ ಹೊತ್ತಿಗೆ ಎಣ್ಣೆ ಬಹಳಷ್ಟು ಮಾಯವಾಯಿತು ಎಂಬ ಧಾಟಿಯ ಸುದ್ದಿಗಳು ಶುರುವಾದವು. ಜನ ನಿಟ್ಟುಸಿರು ಬಿಟ್ಟರು.

ತಳದ ಕಡೆ ನೋಡಿದವರು ಕಡಿಮೆ.

ಎಣ್ಣೆ ನೀರಿಗಿಂತ ಹಗುರ. ಅದು ತಳಕ್ಕೆ ಹೇಗೆ ಬಿತ್ತು? ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯದ ಭಾಗ ಇದು. ಸಮುದ್ರದಲ್ಲಿ ಯಾವಾಗಲೂ ಒಂದು ಬಗೆಯ ಹಿಮ ಬೀಳುತ್ತಿರುತ್ತದೆ. ಸತ್ತ ಪಾಚಿ, ಸಣ್ಣ ಪ್ರಾಣಿಗಳ ಹಿಕ್ಕೆ, ಬ್ಯಾಕ್ಟೀರಿಯಾ ಸ್ರವಿಸುವ ಅಂಟು, ಮಣ್ಣಿನ ಕಣ, ಎಲ್ಲ ಸೇರಿ ಉಂಡೆಕಟ್ಟಿ ನಿಧಾನಕ್ಕೆ ಕೆಳಗಿಳಿಯುತ್ತವೆ. ಎಣ್ಣೆ ಬಂದಾಗ ಬ್ಯಾಕ್ಟೀರಿಯಾಗಳು ಹನಿಗಳಿಗೆ ಅಂಟಿಕೊಂಡು ಇನ್ನಷ್ಟು ಲೋಳೆ ಸ್ರವಿಸಿದವು. ಆ ಲೋಳೆಯಲ್ಲಿ ಎಣ್ಣೆ, ಪಾಚಿ, ಮಣ್ಣು ಎಲ್ಲ ಸಿಕ್ಕಿಕೊಂಡವು. ಉಂಡೆಯ ಭಾರ ನೀರನ್ನು ಮೀರಿತು. ಎಣ್ಣೆಯನ್ನು ಹೊತ್ತುಕೊಂಡೇ ಅದು ಮುಳುಗಿತು. ದಡದತ್ತ ಎಣ್ಣೆ ಬಾರದಿರಲಿ ಎಂದು ಆಗ ಮಿಸಿಸಿಪ್ಪಿ ನದಿಯ ನೀರನ್ನು ಹೆಚ್ಚಾಗಿ ಹರಿಯಬಿಟ್ಟಿದ್ದರು. ಆ ನೀರಿನ ಜೊತೆ ಬಂದ ಜೇಡಿ ಮತ್ತು ಪೋಷಕಾಂಶ ಈ ಹಿಮವನ್ನು ಇನ್ನೂ ದಟ್ಟ ಮಾಡಿರಬಹುದು ಎಂದು ಸಂಶೋಧಕರು ಹೇಳುತ್ತಾರೆ. ಎಣ್ಣೆಯನ್ನು ತಿನ್ನಲು ಬಂದ ಜೀವಿಗಳೇ ಅದನ್ನು ಕೆಳಕ್ಕೆ ಇಳಿಸಿದವು. ತಿನ್ನುವುದಕ್ಕೆ ಸಲೀಸಾದ ಜಾಗದಿಂದ ಕಷ್ಟದ ಜಾಗಕ್ಕೆ.

ಜಾರ್ಜಿಯಾ ವಿಶ್ವವಿದ್ಯಾಲಯದ ಸಮಂತಾ ಜೋಯ್ ಅವರ ತಂಡ 2010ರಲ್ಲೇ ತಳದ ಕೆಸರನ್ನು ಮೇಲೆತ್ತಿ ತಂದಿತು. ಇದಕ್ಕೆ ಬಳಸುವ ಸಾಧನ ಸರಳ. ಒಂದು ಚೌಕಟ್ಟಿನಲ್ಲಿ ಪಾರದರ್ಶಕ ಕೊಳವೆಗಳನ್ನು ನಿಲ್ಲಿಸಿರುತ್ತಾರೆ. ಹಡಗಿನಿಂದ ತಂತಿಯಲ್ಲಿ ಇಳಿಬಿಡುತ್ತಾರೆ. ತಳ ಮುಟ್ಟಿದಾಗ ಕೊಳವೆಗಳು ಮೆಲ್ಲಗೆ ಕೆಸರಿಗೆ ಇಳಿಯುತ್ತವೆ, ಮೇಲೂ ಕೆಳಗೂ ಮುಚ್ಚಿಕೊಳ್ಳುತ್ತವೆ. ಮೇಲೆ ತಂದಾಗ ಕೊಳವೆಯೊಳಗೆ ತಳದ ಒಂದು ತುಂಡು ಹಾಗೆಯೇ ನಿಂತಿರುತ್ತದೆ. ಮೇಲೆ ತಿಳಿನೀರು, ಅದರ ಕೆಳಗೆ ಕೆಸರು. ಮಾಮೂಲಿಯಾಗಿ ಆ ಕೆಸರಿನ ಮೇಲ್ಭಾಗ ತೆಳು ಕಂದು, ಕೆಳಗೆ ಹೋದಂತೆ ಬೂದಿ ಬಣ್ಣ. ಈ ಸಲ ಕೆಲವು ಕೊಳವೆಗಳಲ್ಲಿ ಮೇಲೆ ಇನ್ನೊಂದು ಪದರ ಕೂತಿತ್ತು. ನಯವಾದ, ಹತ್ತಿಯಂತೆ ಉಬ್ಬಿದ, ಎಣ್ಣೆ ಬೆರೆತ ಕಂದು ಪದರ. ಕೆಲವು ಕಡೆ ಅದು ಸೆಂಟಿಮೀಟರುಗಟ್ಟಲೆ ದಪ್ಪ.

ಇದು ಬಾವಿಯಿಂದಲೇ ಬಂದದ್ದು ಎಂದು ಹೇಳುವುದು ಹೇಗೆ? ಅದೂ ಮೆಕ್ಸಿಕೋ ಕೊಲ್ಲಿಯಲ್ಲಿ. ಅಲ್ಲಿ ತಳದ ಬಿರುಕುಗಳಿಂದ ಎಣ್ಣೆ ಮೊದಲಿನಿಂದಲೂ ತಾನಾಗಿಯೇ ಜಿನುಗುತ್ತದೆ. ಡೇವಿಡ್ ವ್ಯಾಲೆಂಟೈನ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹೋಪೇನ್ ಎಂಬ ಅಣುವನ್ನು ಹಿಡಿದುಕೊಂಡಿತು. ಹೋಪೇನನ್ನು ಸೂಕ್ಷ್ಮಜೀವಿಗಳು ಸುಲಭಕ್ಕೆ ಅರಗಿಸಿಕೊಳ್ಳಲಾರವು. ಉಳಿದ ಎಣ್ಣೆ ಕರಗುತ್ತಾ ಹೋದರೂ ಅದು ಉಳಿಯುತ್ತದೆ. ಹಾಗಾಗಿ ಕೆಸರಿನಲ್ಲಿ ಎಷ್ಟು ಹೋಪೇನ್ ಇದೆ ಎಂದು ಅಳೆದರೆ, ಮೊದಲು ಅಲ್ಲಿ ಎಷ್ಟು ಎಣ್ಣೆ ಬಿದ್ದಿತ್ತು ಎಂದು ಲೆಕ್ಕ ಹಾಕಬಹುದು. ಉಳಿದ ಅಣುಗಳನ್ನು ಅದರ ಪಕ್ಕ ಇಟ್ಟು ನೋಡಿದರೆ ಏನು ಎಷ್ಟು ತಿಂದು ಹೋಗಿದೆ ಅನ್ನುವುದೂ ಗೊತ್ತಾಗುತ್ತದೆ. ಬಾವಿಯ ಸುತ್ತ, ಹೆಚ್ಚಾಗಿ ನೈಋತ್ಯದ ಕಡೆಗೆ, 3,200 ಚದರ ಕಿಲೋಮೀಟರ್ ತಳದಲ್ಲಿ ಅವರಿಗೆ ಆ ಗುರುತು ಸಿಕ್ಕಿತು. ಆಳದ ನೀರಿನ ಪದರದಲ್ಲಿ ಸಿಕ್ಕಿಕೊಂಡ ಎಣ್ಣೆಯಲ್ಲಿ ಶೇ. 4ರಿಂದ 31ರಷ್ಟು ಹೀಗೆ ತಳ ಸೇರಿದೆ ಎಂಬುದು ಅವರ ಅಂದಾಜು. 4ಕ್ಕೂ 31ಕ್ಕೂ ಎಷ್ಟು ಅಂತರ, ಅಲ್ವಾ? ಎಣ್ಣೆ ತಳದಲ್ಲಿ ಸಮನಾಗಿ ಹರಡಿಲ್ಲ, ಅಲ್ಲಲ್ಲಿ ತೇಪೆ ತೇಪೆಯಾಗಿ ಕೂತಿದೆ. ಎರಡು ಕೊಳವೆಗಳ ನಡುವಿನ ಜಾಗದಲ್ಲಿ ಏನಿದೆ ಎಂದು ಹೇಳುವುದು ಕಷ್ಟ.

ಹೋಪೇನ್ ಬಗ್ಗೆ ಇನ್ನೂ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅದು ಮೂಲದಲ್ಲಿ ಬ್ಯಾಕ್ಟೀರಿಯಾಗಳದ್ದೇ. ಅವುಗಳ ಜೀವಕೋಶದ ಹೊರಪೊರೆ ಗಟ್ಟಿಯಾಗಿರಲು ಬಳಸುವ ಅಣುಗಳು ಲಕ್ಷಾಂತರ, ಕೋಟ್ಯಂತರ ವರ್ಷ ಮಣ್ಣಿನಡಿ ಬೆಂದು ಹೋಪೇನ್ ಆಗುತ್ತವೆ. ಪುರಾತನ ಬ್ಯಾಕ್ಟೀರಿಯಾಗಳ ಮೈಯ ಚೂರು ಎಣ್ಣೆಯಲ್ಲಿ ಉಳಿದಿದೆ. ಇಂದಿನ ಬ್ಯಾಕ್ಟೀರಿಯಾಗಳು ಎಷ್ಟು ತಿಂದವು ಎಂದು ಅಳೆಯಲು ನಾವು ಅದನ್ನೇ ಅಳತೆಗೋಲು ಮಾಡಿಕೊಂಡಿದ್ದೇವೆ. ಇದನ್ನು ಮೊದಲ ಸಲ ಓದಿದಾಗ ಪುಟ ಮುಚ್ಚಿ ಸ್ವಲ್ಪ ಹೊತ್ತು ಅದನ್ನೇ ಯೋಚಿಸಿದ್ದೆ.

ಈಗ ಆ ಕೆಸರಿನೊಳಗೆ ಇಳಿಯೋಣ.

ಮೇಲಿನ ಪದರದಲ್ಲಿ ಆಮ್ಲಜನಕ ಇರುತ್ತದೆ. ಅಲ್ಲಿ ಕೆಲಸದ ರೀತಿ ಹೀಗೆ. ಬ್ಯಾಕ್ಟೀರಿಯಾದ ಕಿಣ್ವವೊಂದು ಇಂಗಾಲದ ಸರಪಳಿಯ ತುದಿಗೆ ಆಮ್ಲಜನಕದ ಒಂದು ಪರಮಾಣುವನ್ನು ಸಿಕ್ಕಿಸುತ್ತದೆ. ಕಷ್ಟ ಇರುವುದು ಇಲ್ಲೇ. ಎಣ್ಣೆಯ ಅಣು ಸುಲಭಕ್ಕೆ ಯಾವುದರ ಜೊತೆಗೂ ಬೆರೆಯುವಂಥದ್ದಲ್ಲ, ಹಿಡಿಯಲು ಅದಕ್ಕೊಂದು ಹಿಡಿಕೆಯೇ ಇಲ್ಲ. ಆ ಆಮ್ಲಜನಕವೇ ಹಿಡಿಕೆ. ಅದಾದ ಮೇಲೆ ಸರಪಳಿ ಆಲ್ಕೋಹಾಲ್ ಆಗುತ್ತದೆ, ಆಮೇಲೆ ಕೊಬ್ಬಿನ ಆಮ್ಲ. ಕೊಬ್ಬಿನ ಆಮ್ಲವನ್ನು ಒಡೆಯುವುದು ಬಹಳಷ್ಟು ಜೀವಿಗಳಿಗೆ ಗೊತ್ತು, ನಮ್ಮ ದೇಹಕ್ಕೂ. ಎರಡೆರಡು ಇಂಗಾಲದಂತೆ ತುದಿಯಿಂದ ಕತ್ತರಿಸುತ್ತಾ ಹೋಗುವುದು.

ಆದರೆ ಆಮ್ಲಜನಕ ಖರ್ಚಾಗುತ್ತದೆ. ಮೇಲಿನಿಂದ ನೀರಿನ ಮೂಲಕ ಅದು ಇಳಿದು ಬರುವ ವೇಗಕ್ಕಿಂತ ತಿನ್ನುವವರ ಸಂಖ್ಯೆ ಜಾಸ್ತಿಯಾದರೆ, ಕೆಸರಿನ ಉಸಿರುಗಟ್ಟುತ್ತದೆ. 2010ರ ಎಣ್ಣೆ ಬಿದ್ದ ಕಡೆಗಳಲ್ಲಿ ಆಮ್ಲಜನಕ ಇರುವ ಪದರ ತೆಳ್ಳಗಾಯಿತು. ಕೆಸರಿನಲ್ಲಿ ಮ್ಯಾಂಗನೀಸ್ ಎಲ್ಲಿ ಕರಗಿ ಎಲ್ಲಿ ಮತ್ತೆ ಗಟ್ಟಿಯಾಗಿದೆ ಎಂದು ನೋಡಿ ಇದನ್ನು ಗುರುತಿಸಿದ್ದಾರೆ. ಆಮ್ಲಜನಕ ಮುಗಿದ ಕೆಳಗೆ ಇನ್ನೊಂದು ಲೋಕ. ಅಲ್ಲಿನ ಜೀವಿಗಳು ಉಸಿರಾಡಲು ನೈಟ್ರೇಟ್ ಬಳಸುತ್ತವೆ, ಮ್ಯಾಂಗನೀಸ್ ಬಳಸುತ್ತವೆ, ಕಬ್ಬಿಣ ಬಳಸುತ್ತವೆ. ಅವೂ ಮುಗಿದರೆ ಸಲ್ಫೇಟ್. ಸಮುದ್ರದ ನೀರಿನಲ್ಲಿ ಸಲ್ಫೇಟ್‌ಗೆ ಬರವಿಲ್ಲ. ಸಲ್ಫೇಟ್ ಉಸಿರಾಡುವವರು ಹೊರಬಿಡುವುದು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್.

ಆಮ್ಲಜನಕವಿಲ್ಲದೆ ಎಣ್ಣೆ ಒಡೆಯಲು ಸಾಧ್ಯವೇ ಇಲ್ಲ ಎಂದು ಬಹಳ ಕಾಲ ನಂಬಿದ್ದರು. ಹಿಡಿಕೆಯೇ ಇಲ್ಲವಲ್ಲ, ಹೇಗೆ ಹಿಡಿಯುವುದು? 1991ರಲ್ಲಿ ಜರ್ಮನಿಯ ಫ್ರೀಡ್ರಿಷ್ ವಿಡ್ಡೆಲ್ ಅವರ ಗುಂಪು ಆಮ್ಲಜನಕದ ಸುಳಿವೇ ಇಲ್ಲದೆ, ಬರೀ ಸಲ್ಫೇಟ್ ಮೇಲೆ, ಹೆಕ್ಸಾಡೆಕೇನ್ ಎಂಬ 16 ಇಂಗಾಲದ ಸರಪಳಿಯನ್ನು ತಿನ್ನುವ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿತು. ಆಮೇಲೆ ಒಂದೊಂದಾಗಿ ದಾರಿಗಳು ಗೊತ್ತಾದವು. ಒಂದು ದಾರಿಯಲ್ಲಿ ಫ್ಯೂಮರೇಟ್ ಎಂಬ ಪುಟ್ಟ ಅಣುವನ್ನು ಎಣ್ಣೆಯ ಅಣುವಿಗೆ ಅಂಟಿಸಿ, ಅದನ್ನೇ ಹಿಡಿಕೆ ಮಾಡಿಕೊಳ್ಳುತ್ತವೆ. ಮಕೊಂಡೋ ಸುತ್ತಲಿನ ಕೆಸರಿನಲ್ಲೂ ಈ ಕೆಲಸಕ್ಕೆ ಬೇಕಾದ ಜೀನ್‌ಗಳು ಸಿಕ್ಕಿವೆ. ಅಂದರೆ ಉಸಿರುಗಟ್ಟಿದ ಪದರದಲ್ಲೂ ಕೆಲಸ ನಡೆಯುತ್ತದೆ. ಆದರೆ ತುಂಬಾ ನಿಧಾನ. ಹೀಗೆ ಉಸಿರಾಡಿದರೆ ಸಿಗುವ ಶಕ್ತಿಯೇ ಅಷ್ಟು ಕಡಿಮೆ.

ಸಮುದಾಯ ಎಂಬ ಮಾತಿಗೆ ನಿಜವಾದ ತೂಕ ಬರುವುದು ಈ ಕತ್ತಲೆಯ ಪದರದಲ್ಲೇ. 2000ದಲ್ಲಿ ಆಂಟ್ಯೆ ಬೋಟಿಯಸ್ ಮತ್ತು ಜೊತೆಗಾರರು ಅಮೆರಿಕದ ಒರೆಗಾನ್ ಕರಾವಳಿಯಾಚೆಯ ಹೈಡ್ರೇಟ್ ರಿಜ್ ಎಂಬಲ್ಲಿನ ಕೆಸರಿನಲ್ಲಿ ಪುಟ್ಟ ಗೊಂಚಲುಗಳನ್ನು ಕಂಡರು. ಒಳಗೆ ಆರ್ಕಿಯಾ ಎಂಬ, ಬ್ಯಾಕ್ಟೀರಿಯಾಗಿಂತ ಬೇರೆಯೇ ವಂಶದ ಸೂಕ್ಷ್ಮಜೀವಿಗಳು. ಸುತ್ತ ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾಗಳು. ಆರ್ಕಿಯಾ ಮೀಥೇನ್ ತಿನ್ನುತ್ತದೆ. ಆದರೆ ತಿಂದಾಗ ಉಳಿಯುವ ಎಲೆಕ್ಟ್ರಾನ್‌ಗಳನ್ನು ಎಲ್ಲಾದರೂ ಇಳಿಸಬೇಕು, ಅದಕ್ಕೆ ತಾನೇ ಇಳಿಸಲು ಬರುವುದಿಲ್ಲ. ಪಕ್ಕದ ಬ್ಯಾಕ್ಟೀರಿಯಾ ಅವನ್ನು ತೆಗೆದುಕೊಂಡು ಸಲ್ಫೇಟ್‌ಗೆ ಒಪ್ಪಿಸುತ್ತದೆ. ಇಬ್ಬರೂ ಬದುಕುತ್ತಾರೆ. ಬೇರೆ ಬೇರೆ ಮಾಡಿದರೆ ಇಬ್ಬರೂ ಉಪವಾಸ. ಈ ಎಲೆಕ್ಟ್ರಾನ್‌ಗಳು ಒಂದು ಕೋಶದಿಂದ ಇನ್ನೊಂದಕ್ಕೆ ನೇರವಾಗಿ, ಕೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗಿನ ತಂತಿಗಳ ಮೂಲಕವೂ ಹೋಗುತ್ತವೆ ಎಂಬುದಕ್ಕೆ 2015ರಲ್ಲಿ ಪುರಾವೆ ಸಿಕ್ಕಿತು. ಕ್ಯಾಲಿಫೋರ್ನಿಯಾ ಕೊಲ್ಲಿಯ ಗ್ವಾಯ್ಮಸ್ ಜಲಾನಯನದಲ್ಲಿ ಸುಮಾರು 2,000 ಮೀಟರ್ ಆಳದಲ್ಲಿ ಭೂಮಿಯ ಶಾಖ ಕೆಸರನ್ನೇ ಬೇಯಿಸಿ ಎಣ್ಣೆ ಮಾಡುತ್ತದೆ. ಅಲ್ಲಿ ಬ್ಯೂಟೇನ್ ತಿನ್ನುವ ಇಂಥದ್ದೇ ಜೋಡಿ ಸಿಕ್ಕಿದ್ದು 2016ರಲ್ಲಿ.

ಎಲ್ಲರಿಗೂ ಜೋಡಿ ಬೇಕೇ ಬೇಕು ಅಂತಲೂ ಇಲ್ಲ. ಮೆಕ್ಸಿಕೋ ಕೊಲ್ಲಿಯ ದಕ್ಷಿಣದಲ್ಲಿ ಸುಮಾರು 3,000 ಮೀಟರ್ ಆಳದಲ್ಲಿ ಚಪೊಪೋಟೆ ಎಂಬ ಡಾಂಬರಿನ ಜ್ವಾಲಾಮುಖಿ ಇದೆ. 2003ರಲ್ಲಿ ಪತ್ತೆಯಾದದ್ದು. ಅಲ್ಲಿನ ಎಣ್ಣೆ ಹನಿಗಳಿಗೆ ಮೆಥನೋಲಿಪಾರಿಯಾ ಎಂಬ ಆರ್ಕಿಯಾ ಅಂಟಿಕೊಂಡಿರುವುದನ್ನು ಕಂಡರು. ಅದೇ ಕುಲದ ಒಂದು ಜೀವಿ ಉದ್ದ ಸರಪಳಿಯ ಎಣ್ಣೆಯನ್ನು ಯಾರ ಸಹಾಯವೂ ಇಲ್ಲದೆ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ ಎಂದು 2022ರಲ್ಲಿ ಖಚಿತವಾಯಿತು. ಆದರೂ ಅದು ಬಿಟ್ಟ ಮೀಥೇನ್ ತಿನ್ನಲು ಮತ್ತೆ ಆ ಗೊಂಚಲಿನವರೇ ಬೇಕು.

ಮಕೊಂಡೋ ಕೆಸರಿನಲ್ಲಿ ಯಾರಿದ್ದರು? ಒಲಿವಿಯಾ ಮೇಸನ್ ಮತ್ತು ಜೊತೆಗಾರರು 64 ಕಡೆಯ ಕೆಸರಿನ ಡಿಎನ್‌ಎ ಓದಿ 2014ರಲ್ಲಿ ಬರೆದರು. ಅತಿ ಹೆಚ್ಚು ಎಣ್ಣೆ ಬಿದ್ದ ಕಡೆ ಹೆಚ್ಚಿದ್ದದ್ದು ಕಾಲ್ವೆಲಿಯಾ ಮತ್ತು ಪ್ರಯೋಗಾಲಯದಲ್ಲಿ ಯಾರೂ ಬೆಳೆಸಿರದ ಒಂದು ಬ್ಯಾಕ್ಟೀರಿಯಾ. ಹೆಸರೂ ಇಲ್ಲದ್ದು. ಕಾಲ್ವೆಲಿಯಾ ಚಳಿಗೆ ಒಗ್ಗಿದ ಕುಲ, 4 ಡಿಗ್ರಿಯಲ್ಲೂ ಆರಾಮಾಗಿ ಬೆಳೆಯುತ್ತದೆ. ಅಲ್ಕನಿವೋರಾಕ್ಸ್ ಎಂಬ ಪ್ರಸಿದ್ಧ ಎಣ್ಣೆಬಾಕ ಮೇಲ್ಮೈ ನೀರಿನಲ್ಲಿ, ದಡದ ಮರಳಿನಲ್ಲಿ ಮೆರೆದರೂ ಆಳದಲ್ಲಿ ಅಷ್ಟಾಗಿ ಕಾಣಿಸಲಿಲ್ಲ. ಒಂದು ಜಾಗದ ಶೂರ ಇನ್ನೊಂದು ಜಾಗಕ್ಕೆ ಒದಗುವುದಿಲ್ಲ.

ಅಲ್ಕನಿವೋರಾಕ್ಸ್ ಆಳದ್ದಲ್ಲದಿದ್ದರೂ ಅದರ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಎಣ್ಣೆ ತಿನ್ನುವುದು ಅಂದರೇನು ಎಂದು ಅದರಲ್ಲಿ ಕಣ್ಣಾರೆ ಕಾಣುತ್ತದೆ. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದೊಂದೇ ಎಣ್ಣೆ ಹನಿಯನ್ನು ಹಿಡಿದಿಟ್ಟು ಸೂಕ್ಷ್ಮದರ್ಶಕದಲ್ಲಿ ದಿನಗಟ್ಟಲೆ ನೋಡಿದರು. ಎಣ್ಣೆಗೆ ಹೊಸಬರಾದ ಕೋಶಗಳು ಹನಿಯ ಸುತ್ತ ದಪ್ಪ ಗೋಳವಾಗಿ ಮುತ್ತಿದವು. ಹೊರಗಿನ ಸಾಲಿನಲ್ಲಿರುವವರಿಗೆ ಎಣ್ಣೆ ಮುಟ್ಟುವುದೇ ಇಲ್ಲ. ಎಣ್ಣೆಯ ಜೊತೆ ಕೆಲವು ದಿನ ಬದುಕಿ ಪಳಗಿದ ಕೋಶಗಳು ಬೇರೆ ಥರ ನಡೆದುಕೊಂಡವು. ತೆಳ್ಳಗಿನ ಒಂದೇ ಪದರವಾಗಿ ಹನಿಗೆ ಹೊದಿಕೆಯಾದವು. ಎಣ್ಣೆ ಮತ್ತು ನೀರಿನ ನಡುವಿನ ಬಿಗಿತವನ್ನು ಸಡಿಲಿಸಿದವು. ಪಾತ್ರೆಯ ಜಿಡ್ಡಿಗೆ ಸೋಪು ಮಾಡುವ ಕೆಲಸವೇ ಅದು. ಆಮೇಲೆ ಕೋಶಗಳು ಹೆಚ್ಚುತ್ತಾ ಒತ್ತಿದಾಗ ಗುಂಡಗಿದ್ದ ಹನಿಯ ಮೈಯಿಂದ ಬೆರಳುಗಳಂತೆ ಕೊಳವೆಗಳು ಹೊರಚಾಚಿದವು. ಹನಿ ತನ್ನ ಆಕಾರವನ್ನೇ ಕಳೆದುಕೊಂಡಿತು. ಎಣ್ಣೆ ಮುಟ್ಟುವ ಮೇಲ್ಮೈ ಜಾಸ್ತಿಯಾಯಿತು, ತಿನ್ನುವ ವೇಗವೂ ಜಾಸ್ತಿಯಾಯಿತು.

ಎಲ್ಲ ನಿಂತಿರುವುದು ಈ ಮೇಲ್ಮೈ ಮೇಲೆ. ಬ್ಯಾಕ್ಟೀರಿಯಾ ಎಣ್ಣೆಯೊಳಗೆ ಬದುಕುವುದಿಲ್ಲ, ಎಣ್ಣೆ ನೀರು ಸೇರುವ ಗಡಿಯಲ್ಲಿ ಬದುಕುತ್ತದೆ. ಹನಿ ಚಿಕ್ಕದಾದಷ್ಟೂ ಗಡಿ ಹೆಚ್ಚು. ಗಡ್ಡೆ ದೊಡ್ಡದಾದಷ್ಟೂ ಒಳಗಿನ ಎಣ್ಣೆ ಸುರಕ್ಷಿತ. ಸಾರಾ ಬ್ಯಾಗ್ಬಿ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಕೆಲಸ ಇದನ್ನು ತಳದಲ್ಲೇ ತೋರಿಸಿತು. ಸ್ಫೋಟದ ನಂತರದ ಕೆಲವು ವರ್ಷಗಳ ಕೆಸರಿನ ಮಾದರಿಗಳಲ್ಲಿ 125 ಬಗೆಯ ಎಣ್ಣೆ ಅಣುಗಳು ಏನಾದವು ಎಂದು ಅವರು ಹಿಂಬಾಲಿಸಿದರು. ಕಡಿಮೆ ಎಣ್ಣೆ ಬಿದ್ದ ಕಡೆ ಹೆಚ್ಚು ಕರಗಿತ್ತು. ಎಣ್ಣೆ ದಟ್ಟವಾಗಿ ಬಿದ್ದ ಕಡೆ ಕೆಲಸ ನಿಧಾನವಾಗಿತ್ತು. ತಳ ಮುಟ್ಟುವ ಮೊದಲು, ನೀರಿನಲ್ಲಿ ತೇಲುತ್ತಿದ್ದಾಗ ಬೇಗ ಬೇಗ ತಿಂದದ್ದು ತಳದಲ್ಲಿ ಕೂತ ಮೇಲೆ ಮಂದವಾಯಿತು.

ತಿನ್ನುವವರಿಲ್ಲದೆ ಎಣ್ಣೆ ಉಳಿಯುವುದಲ್ಲ. ಎಷ್ಟು ಒಮ್ಮೆಗೇ ಬಂತು, ಯಾವ ರೂಪದಲ್ಲಿ ಬಂತು, ಅದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಒಂದು ಲೆಕ್ಕ ನೋಡಿ. ಜಗತ್ತಿನ ಎಲ್ಲ ಸಮುದ್ರಗಳ ತಳದಿಂದ ತಾನಾಗಿಯೇ ಜಿನುಗುವ ಎಣ್ಣೆ ವರ್ಷಕ್ಕೆ ಸುಮಾರು 6 ಲಕ್ಷ ಟನ್ ಎಂಬುದು ವಿಜ್ಞಾನಿಗಳು ಬಹಳ ಕಾಲದಿಂದ ಬಳಸುತ್ತಿರುವ ಅಂದಾಜು. ಬ್ಯಾರೆಲ್‌ಗೆ ತಿರುಗಿಸಿದರೆ 44 ಲಕ್ಷದ ಆಸುಪಾಸು. ಎಲ್ಲ ಸಮುದ್ರಗಳಿಗೆ, ಸಾವಿರಾರು ಬಿರುಕುಗಳಿಂದ, ವರ್ಷಪೂರ್ತಿ ತೊಟ್ಟು ತೊಟ್ಟಾಗಿ ಬರುವಷ್ಟು ಎಣ್ಣೆ ಒಂದೇ ತೂತಿನಿಂದ 87 ದಿನದಲ್ಲಿ ಬಂತು. ಆ ಜಿನುಗುವಿಕೆಯಿಂದಲೇ ಕೊಲ್ಲಿಯ ಸೂಕ್ಷ್ಮಜೀವಿಗಳಿಗೆ ಎಣ್ಣೆಯ ರುಚಿ ಮೊದಲೇ ಗೊತ್ತಿತ್ತು ಎನ್ನುವುದು ನಿಜ. 2010ರಲ್ಲಿ ಅವು ಅಷ್ಟು ಬೇಗ ಎದ್ದು ನಿಂತದ್ದು ಅದರಿಂದಲೇ. ಆದರೆ "ಸಮುದ್ರದಲ್ಲಿ ಎಣ್ಣೆ ಸಹಜ" ಎಂದು ಇದೇ ಜಿನುಗುವಿಕೆಯನ್ನು ಮುಂದಿಟ್ಟು ವಾದ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತೊಟ್ಟಿಗೆ ಒಗ್ಗಿದ ಜೀವಿಗಳ ಮೇಲೆ ಪ್ರವಾಹ ಬಿಟ್ಟು, ನಿಮಗಿದು ಅಭ್ಯಾಸ ಇದೆಯಲ್ಲ ಎಂದರೆ ಹೇಗೆ?

ಹನಿ ಚಿಕ್ಕದಾದರೆ ಒಳ್ಳೆಯದು ಎನ್ನುವುದಾದರೆ ನಾವೇ ಒಡೆಯಬಹುದಲ್ಲ? ಹಾಗೆಂದುಕೊಂಡೇ 2010ರಲ್ಲಿ ಕೊರೆಕ್ಸಿಟ್ ಎಂಬ ಎಣ್ಣೆ ಒಡೆಯುವ ರಾಸಾಯನಿಕವನ್ನು ಸುಮಾರು 70 ಲಕ್ಷ ಲೀಟರ್ ಸುರಿದರು. ಅದರಲ್ಲಿ ಸುಮಾರು 29 ಲಕ್ಷ ಲೀಟರನ್ನು ನೇರವಾಗಿ ಬಾವಿಯ ಬಾಯಿಗೆ, ತಳದಲ್ಲೇ ಬಿಟ್ಟರು. ಅಷ್ಟು ಆಳದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಫಲ ಏನಾಯಿತು ಎಂಬುದರ ಮೇಲೆ ಇಂದಿಗೂ ಜಗಳ ಇದೆ. 2015ರಲ್ಲಿ ಸಾರಾ ಕ್ಲೈಂಡೀನ್ಸ್ಟ್ ಮತ್ತು ಜೋಯ್ ಅವರ ತಂಡ ಕೊಲ್ಲಿಯ ಆಳದ ನೀರನ್ನೇ ತಂದು ಪ್ರಯೋಗ ಮಾಡಿತು. ರಾಸಾಯನಿಕ ಹಾಕಿದಾಗ ಕಾಲ್ವೆಲಿಯಾ ಹೆಚ್ಚಿತು, ಎಣ್ಣೆ ತಿನ್ನುವುದರಲ್ಲಿ ಗಟ್ಟಿಗನಾದ ಮರಿನೋಬ್ಯಾಕ್ಟರ್ ಹಿಂದೆ ಬಿತ್ತು, ಎಣ್ಣೆ ಒಡೆಯುವ ವೇಗ ಹೆಚ್ಚಲಿಲ್ಲ. ಬೇರೆ ತಂಡಗಳು ಪ್ರಯೋಗದ ರೀತಿಯನ್ನೇ ಪ್ರಶ್ನಿಸಿದವು, ಹನಿ ಚಿಕ್ಕದಾಗಿದ್ದರಿಂದ ವೇಗ ಹೆಚ್ಚಿತು ಎಂದೂ ತೋರಿಸಿದವು. ನನಗೆ ಕಾಣುವುದು ಇಷ್ಟು: ಸಮುದಾಯದಲ್ಲಿ ಯಾರು ಮುಂದೆ ಬರಬೇಕು, ಯಾರು ಹಿಂದೆ ಸರಿಯಬೇಕು ಎನ್ನುವುದನ್ನು ನಾವು ಗೊತ್ತಿಲ್ಲದೆಯೇ ಬದಲಾಯಿಸಿದೆವು. ಹಾಕುವ ಮೊದಲು ಈ ಪ್ರಯೋಗ ನಡೆಯಬೇಕಿತ್ತು, ಹಾಕಿ ಐದು ವರ್ಷದ ಮೇಲಲ್ಲ.

ಇಲ್ಲಿ ಆನಂದ ಮೋಹನ ಚಕ್ರವರ್ತಿ ಅವರನ್ನು ನೆನೆಯಬೇಕು. ಬಂಗಾಳದಲ್ಲಿ ಹುಟ್ಟಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಅವರು, 1970ರ ದಶಕದ ಆರಂಭದಲ್ಲಿ ಎಣ್ಣೆಯ ಬೇರೆ ಬೇರೆ ಭಾಗ ಒಡೆಯುವ ಜೀನ್‌ಗಳಿರುವ, ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ತುಣುಕುಗಳನ್ನು ಒಂದೇ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದೊಳಗೆ ಸೇರಿಸಿದರು. ಅದಕ್ಕೆ ಪೇಟೆಂಟ್ ಕೊಡಬಹುದೇ ಎಂಬ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1980ರ ಜೂನ್ 16ರಂದು ಐದಕ್ಕೆ ನಾಲ್ಕರ ಬಹುಮತದಲ್ಲಿ ಅವರ ಪರ ತೀರ್ಪು ಬಂತು. ಜೈವಿಕ ತಂತ್ರಜ್ಞಾನದ ದಿಕ್ಕನ್ನೇ ಬದಲಿಸಿದ ತೀರ್ಪು. ಆದರೆ ಆ ಬ್ಯಾಕ್ಟೀರಿಯಾವನ್ನು ನಿಜವಾದ ಎಣ್ಣೆ ಸೋರಿಕೆಯ ಮೇಲೆ ಬಿಡಲಿಲ್ಲ. ನಾಲ್ಕು ಜನರ ಕೆಲಸ ಒಬ್ಬನಿಗೆ ಕಲಿಸುವ ಆ ಯೋಚನೆ ಜಾಣತನದ್ದು, ನಾನು ಮೆಚ್ಚುತ್ತೇನೆ. ಆದರೆ ಸಮುದ್ರದ ತಳಕ್ಕೆ ಕೊರತೆ ಇರುವುದು ಕೆಲಸಗಾರರದ್ದಲ್ಲ. ಆಮ್ಲಜನಕದ್ದು, ಸಾರಜನಕದ್ದು, ರಂಜಕದ್ದು. ಎಣ್ಣೆಯಲ್ಲಿ ಇಂಗಾಲ ಧಾರಾಳ, ಆದರೆ ಮೈ ಬೆಳೆಸಲು ಬೇಕಾದ ಸಾರಜನಕ, ರಂಜಕ ಹೆಚ್ಚುಕಡಿಮೆ ಇಲ್ಲವೇ ಇಲ್ಲ. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗು ಒಡೆದಾಗ ದಡದ ಕಲ್ಲುಗಳ ಮೇಲೆ ಗೊಬ್ಬರ ಸಿಂಪಡಿಸಿದ್ದು ಇದೇ ಕಾರಣಕ್ಕೆ. ಮೇಲ್ಭಾಗದಲ್ಲಿ ಅದು ಕೆಲಸ ಮಾಡಿತು. ಗಾಳಿಯಾಡದ ಕಡೆ ಕಲ್ಲುಗಳ ಅಡಿಯಲ್ಲಿ ಸಿಕ್ಕಿಕೊಂಡ ಎಣ್ಣೆ ದಶಕಗಳ ನಂತರವೂ ಹಾಗೆಯೇ ಸಿಕ್ಕಿತು. ಇನ್ನು 1,500 ಮೀಟರ್ ಆಳದ ಸಾವಿರಾರು ಚದರ ಕಿಲೋಮೀಟರ್ ಕೆಸರಿಗೆ ಗೊಬ್ಬರ ಹಾಕುವವರು ಯಾರು?

ಈ ಕೊರತೆಗಳಲ್ಲಿ ಆಮ್ಲಜನಕದ ಮಾತು ಬಂದಾಗ ಸೂಕ್ಷ್ಮಜೀವಿಗಳ ಲೋಕದಿಂದ ಹೊರಗೆ ಬರಲೇಬೇಕಾಗುತ್ತದೆ. ತಳದ ಕೆಸರನ್ನು ಕದಡುವವರು ಪ್ರಾಣಿಗಳು. ಹುಳುಗಳು ಬಿಲ ತೋಡುತ್ತವೆ. ಸಮುದ್ರ ಸೌತೆಗಳು ಕೆಸರನ್ನೇ ನುಂಗಿ ಹೊರಹಾಕುತ್ತಾ ಸಾಗುತ್ತವೆ. ಹೀಗೆ ಕದಡಿದಾಗ ಮೇಲಿನ ನೀರು ಒಳಗಿಳಿಯುತ್ತದೆ, ಅದರೊಂದಿಗೆ ಆಮ್ಲಜನಕವೂ. ಕೆಳಗೆ ಹೂತ ಎಣ್ಣೆ ಮೇಲೆ ಬರುತ್ತದೆ. ಈ ಪ್ರಾಣಿಗಳಿಗೆ 2010 ಏನು ಮಾಡಿತು? ಪಾಲ್ ಮಾಂಟಾನ್ಯ ಮತ್ತು ಜೊತೆಗಾರರು 2013ರಲ್ಲಿ ಲೆಕ್ಕ ಕೊಟ್ಟರು. ಬಾವಿಯ ಸುತ್ತ ಸುಮಾರು 24 ಚದರ ಕಿಲೋಮೀಟರ್‌ನಲ್ಲಿ ಕೆಸರಿನ ಪ್ರಾಣಿಗಳ ವೈವಿಧ್ಯ ತೀವ್ರವಾಗಿ ಕುಸಿದಿತ್ತು. ಅದರಾಚೆ ಸುಮಾರು 148 ಚದರ ಕಿಲೋಮೀಟರ್‌ನಲ್ಲಿ ಮಧ್ಯಮ ಪ್ರಮಾಣದ ಹಾನಿ. 2017ರಲ್ಲಿ ಕ್ರೇಗ್ ಮೆಕ್‌ಕ್ಲೇನ್ ಮತ್ತು ಜೊತೆಗಾರರು ರೋಬೋಟ್ ಇಳಿಸಿ ಬಾವಿಯ ಹತ್ತಿರ ಮತ್ತೆ ನೋಡಿದರು. ಏಳು ವರ್ಷ ಕಳೆದಿತ್ತು. ಏಡಿಗಳು ಸಾಕಷ್ಟಿದ್ದವು. ಎಣ್ಣೆ ಒಡೆದಾಗ ಉಂಟಾಗುವ ಯಾವುದೋ ರಾಸಾಯನಿಕಕ್ಕೆ ಅವು ಆಕರ್ಷಿತವಾಗಿ ಬಂದಿರಬಹುದು ಎಂದು ಅವರು ಊಹಿಸಿದರು. ಗಾಜಿನ ಸ್ಪಂಜುಗಳು ಇರಲಿಲ್ಲ, ಚಾಟಿಯಂಥ ಹವಳಗಳು ಇರಲಿಲ್ಲ. ಆ ಆಳದಲ್ಲಿ ಬೇರೆಡೆ ಮಾಮೂಲಿಯಾಗಿ ಕಾಣುವ ಸಮುದ್ರ ಸೌತೆಗಳೂ ಇರಲಿಲ್ಲ.

ಬ್ಯಾಕ್ಟೀರಿಯಾಗಳಿಗೆ ಉಸಿರು ಒದಗಿಸುವವರೇ ಇಲ್ಲದ ಕೆಸರಿನಲ್ಲಿ ಉಳಿದ ಎಣ್ಣೆ ಎಷ್ಟು ಕಾಲ ತೆಗೆದುಕೊಳ್ಳುತ್ತದೆ ಎನ್ನುವುದಕ್ಕೆ ಈಗಿರುವ ಉತ್ತರ ಒಂದೇ: ಮತ್ತೆ ಮತ್ತೆ ಹೋಗಿ ಕೊಳವೆ ಇಳಿಸಿ ನೋಡುವುದು. ಸ್ಫೋಟದ ನಂತರ ಹತ್ತು ವರ್ಷಕ್ಕೆಂದು 50 ಕೋಟಿ ಡಾಲರ್‌ನ ಸಂಶೋಧನಾ ನಿಧಿ ಇತ್ತು. ಈ ಬರಹದಲ್ಲಿ ಹೇಳಿದ ಎಷ್ಟೋ ಸಂಗತಿಗಳು ಗೊತ್ತಾದದ್ದು ಅಂಥ ಹಣದಿಂದ. ಆ ನಿಧಿಯ ಅವಧಿ ಮುಗಿದಿದೆ. ಸಮುದ್ರದ ತಳಕ್ಕೆ ಬಾವಿ ಕೊರೆಯುವುದು ಮಾತ್ರ ನಿಂತಿಲ್ಲ, 1,500 ಮೀಟರನ್ನೂ ದಾಟಿ ಇನ್ನೂ ಆಳಕ್ಕೆ ಹೋಗುತ್ತಿದೆ. ಕೊರೆಯುವ ಮೊದಲೇ ಆ ಜಾಗದ ಕೆಸರಿನಲ್ಲಿ ಯಾರಿದ್ದಾರೆ, ಆಮ್ಲಜನಕ ಎಷ್ಟು ಆಳಕ್ಕೆ ಇಳಿಯುತ್ತದೆ, ಕದಡುವ ಪ್ರಾಣಿಗಳು ಎಷ್ಟಿವೆ ಎಂದು ದಾಖಲಿಸಿಡುವುದು ಕೊರೆಯುವವರ ಖರ್ಚಿನಲ್ಲೇ, ಕಡ್ಡಾಯವಾಗಿ ಆಗಬೇಕು. 2010ರಲ್ಲಿ ಮಕೊಂಡೋ ಸುತ್ತ ಅಂಥ ದಾಖಲೆ ತೀರಾ ಕಡಿಮೆ ಇತ್ತು. ಹಾಗಾಗಿಯೇ ಎಷ್ಟೋ ಅಧ್ಯಯನಗಳು ಎಣ್ಣೆ ಬಿದ್ದ ಕೆಸರನ್ನು ಅದರದ್ದೇ ಹಳೆಯ ಸ್ಥಿತಿಯ ಜೊತೆ ಹೋಲಿಸಲಾಗದೆ, ದೂರದ ಬೇರೆ ಯಾವುದೋ ಕೆಸರಿನ ಜೊತೆ ಹೋಲಿಸಬೇಕಾಗಿ ಬಂತು.